ಘಾಟಿ ಹತ್ತಿದಾಗ ಮಾತ್ರ ಇಳಿಯುತ್ತಿದ್ದ ಕೂಲೆಂಟ್: ಹಳೇ ಡೀಸೆಲ್ ಕಾರಿನ ಕೆಲಸದ ಟಿಪ್ಪಣಿ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡವರು ಮೊದಲು ಎಂಜಿನ್ ಆಯಿಲ್ ನೋಡುತ್ತಾರೆ, ಟೈರು ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಇರುವ ಡಬ್ಬಿ ಕಡೆ ಕಣ್ಣು ಹೋಗುವುದು ಕಾರು ಹೀಟ್ ಆಗಿ ರಸ್ತೆ ಪಕ್ಕ ನಿಂತ ಮೇಲೆ. ನನ್ನ ಕಾರು ಅಲ್ಲಿಯವರೆಗೆ ಹೋಗಲಿಲ್ಲ, ಆದರೆ ಅದೇ ದಾರಿ ಹಿಡಿದಿತ್ತು. ಮಾಡಿದ್ದನ್ನೆಲ್ಲ, ಫಲ ಕೊಡದ ಕೆಲಸವನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ತೊಂದರೆ ಇರುವ ಇನ್ನೊಬ್ಬರಿಗೆ ಉಪಯೋಗ ಆಗಲಿ.

ಕಾರು 2014ರದ್ದು, 1.3 ಲೀಟರ್ ಡೀಸೆಲ್, ಓಡಿದ್ದು 1 ಲಕ್ಷ 18 ಸಾವಿರ ಕಿಲೋಮೀಟರ್. ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ, ನೆಂಟರೆಲ್ಲ ಉಡುಪಿ ಕಡೆ. ಅಂದರೆ ವಾರವೆಲ್ಲ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾರಿ, ನಡುನಡುವೆ ಆಗುಂಬೆ ಘಾಟಿ. ಮಾರಿದವರು "ಕೂಲೆಂಟ್ ಎಲ್ಲ ಫುಲ್ ಇದೆ, ನೋಡೋದೇ ಬೇಡ" ಅಂದಿದ್ದರು.

ಹಂತ 1: ತಣ್ಣಗಿದ್ದಾಗ ಲೆವೆಲ್ ನೋಡಿದ್ದು

ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು ನೋಡಬೇಕು. ಬಿಸಿ ಇದ್ದಾಗ ಕೂಲೆಂಟ್ ಹಿಗ್ಗಿ ಲೆವೆಲ್ ಮೇಲೆ ಕಾಣುತ್ತದೆ, ಅದನ್ನು ನಂಬೋ ಹಾಗಿಲ್ಲ. ಇನ್ನೊಂದು ವಿಷಯ, ನಮ್ಮ ಕಡೆ ಸಪಾಟಾದ ಅಂಗಳ ಸಿಗುವುದೇ ಕಷ್ಟ. ನಮ್ಮನೆ ಅಂಗಳ ರಸ್ತೆ ಕಡೆಗೆ ಇಳಿಜಾರು. ಅದೇ ಕಾರು, ಅದೇ ಕೂಲೆಂಟ್, ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಒಂದು ಲೆವೆಲ್, ತಿರುಗಿಸಿ ನಿಲ್ಲಿಸಿದರೆ ಇನ್ನೊಂದು. ಹಾಗಾಗಿ ಅಡಿಕೆ ಒಣಗಿಸುವ ಕಣದಲ್ಲಿ ಸಪಾಟಾದ ಒಂದು ಜಾಗ ನೋಡಿಕೊಂಡು, ಮುಂದಿನ ಚಕ್ರ ಎಲ್ಲಿ ನಿಲ್ಲಬೇಕು ಅಂತ ಸುಣ್ಣದಲ್ಲಿ ಗೆರೆ ಹಾಕಿದೆ. ಮುಂದಿನ ಅಳತೆಗಳೆಲ್ಲ ಅದೇ ಜಾಗದ್ದು.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಡಬ್ಬಿಯಲ್ಲಿ ಲೆವೆಲ್ 'ಮಿನ್' ಗೆರೆಗಿಂತ 11 ಮಿಲಿಮೀಟರ್ ಕೆಳಗಿತ್ತು. ಪ್ಲಾಸ್ಟಿಕ್ ಹಳೇದಾಗಿ ಹಳದಿ ಆಗಿರುವುದರಿಂದ ಹೊರಗಿನಿಂದ ಸರಿಯಾಗಿ ಕಾಣುವುದಿಲ್ಲ. ಟಾರ್ಚನ್ನು ಡಬ್ಬಿಯ ಹಿಂದೆ ಹಿಡಿದು, ಬಂಪರನ್ನು ಸ್ವಲ್ಪ ಅಲುಗಾಡಿಸಿದರೆ ಒಳಗಿನ ನೀರು ತುಳುಕುವುದು ಕಾಣುತ್ತದೆ. ಒಳಗಿನ ಕಲೆಯನ್ನೇ ಲೆವೆಲ್ ಅಂತ ಅಂದುಕೊಳ್ಳುವವರು ಬಹಳ ಜನ, ಅದಕ್ಕೇ ಈ ಅಲುಗಾಡಿಸುವ ಕೆಲಸ.

ಮುಚ್ಚಳ ತೆಗೆಯುವ ವಿಷಯದಲ್ಲಿ ಒಂದು ಮಾತು. ಎಂಜಿನ್ ಬಿಸಿ ಇದ್ದಾಗ ಯಾವ ಕಾರಣಕ್ಕೂ ಅದನ್ನು ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಆವಿಯಾಗಿ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದು ಅಮುಕಿ ನೋಡಿ. ತಣ್ಣಗಿದ್ದು ಮೆತ್ತಗಿದ್ದರೆ ಮಾತ್ರ ತೆಗೆಯಿರಿ, ಅದೂ ಬಟ್ಟೆ ಸುತ್ತಿ, ನಿಧಾನಕ್ಕೆ.

ಹಂತ 2: ಡಬ್ಬಿಯಲ್ಲಿ ಏನಿದೆ?

ಒಂದು ಹಳೇ ಸಿರಿಂಜಿಗೆ ಸಣ್ಣ ಪೈಪ್ ಹಾಕಿ ಸ್ವಲ್ಪ ಹೊರಗೆಳೆದು ಗಾಜಿನ ಲೋಟಕ್ಕೆ ಬಿಟ್ಟೆ. ತೆಳು ಹಸಿರು, ಅದರಲ್ಲಿ ಕಂದು ಛಾಯೆ. ಹತ್ತು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ತುಕ್ಕಿನ ಪುಡಿ ಕೂತಿತ್ತು. ಎಣ್ಣೆ ತೇಲುತ್ತಿರಲಿಲ್ಲ, ಅದೊಂದು ಸಮಾಧಾನ.

850 ರೂಪಾಯಿಗೆ ರಿಫ್ರ್ಯಾಕ್ಟೋಮೀಟರ್ ತರಿಸಿದೆ. ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವ ಸಣ್ಣ ದುರ್ಬೀನು. ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಗೆರೆಯನ್ನು ಸೊನ್ನೆಗೆ ಕೂರಿಸಬೇಕು, ಆಮೇಲೆ ಕೂಲೆಂಟ್ ಹಾಕಬೇಕು. ಅದು ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ಗೆರೆ ಹೇಳುತ್ತದೆ. ನನ್ನ ಕಾರಿನದು ಮೈನಸ್ 5 ಡಿಗ್ರಿ ತೋರಿಸಿತು. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಆದರೆ ಮೈನಸ್ 37ರ ಹತ್ತಿರ ಬರಬೇಕು. ಮೈನಸ್ 5 ಅಂದರೆ ಗ್ಲೈಕಾಲ್ (ಕೂಲೆಂಟಿನಲ್ಲಿ ನೀರಿನ ಜೊತೆ ಇರಬೇಕಾದ ಮುಖ್ಯ ದ್ರವ) ನೂರಕ್ಕೆ 15ರಷ್ಟೂ ಇಲ್ಲ. ಕಮ್ಮಿಯಾದಾಗಲೆಲ್ಲ ಯಾರೋ ಬರೀ ನೀರು ಸುರಿದುಕೊಂಡೇ ಬಂದಿದ್ದಾರೆ.

"ನಮ್ಮೂರಲ್ಲಿ ಮಂಜುಗಡ್ಡೆ ಕಟ್ಟುತ್ತಾ ಮಾರಾಯ? ನೀರು ಸಾಕಪ್ಪ" ಅಂತ ಪಕ್ಕದ ಮನೆಯವರು ಅಂದರು. ಹೆಪ್ಪುಗಟ್ಟುವ ಚಿಂತೆ ನಮಗೆ ಇಲ್ಲ, ನಿಜ. ಆದರೆ ಕೂಲೆಂಟ್ ಹಾಕುವುದು ಅದಕ್ಕೊಂದಕ್ಕೇ ಅಲ್ಲ. ಅದು ಕುದಿಯುವ ಮಟ್ಟವನ್ನು ಮೇಲಕ್ಕೆ ತಳ್ಳುತ್ತದೆ, ಜೊತೆಗೆ ಅದರಲ್ಲಿ ತುಕ್ಕು ತಡೆಯುವ ಔಷಧಿ ಇರುತ್ತದೆ. ಎಂಜಿನ್ ಬ್ಲಾಕ್ ಬೀಡು ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಮತ್ತು ರೇಡಿಯೇಟರ್ ಅಲ್ಯೂಮಿನಿಯಂ. ಎರಡು ಲೋಹ, ನಡುವೆ ಬರೀ ನೀರು, ಅದೂ ಬಿಸಿ. ತಿನ್ನದೆ ಬಿಡುವುದಿಲ್ಲ. ಲೋಟದ ತಳದಲ್ಲಿ ಕೂತಿದ್ದ ಪುಡಿ ಅದೇ.

ಬಾವಿ ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮಲೆನಾಡಿನ ಬಾವಿ ನೀರು ಮೆದು, ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಾಗಾಗಿ ರೇಡಿಯೇಟರಿಗೂ ಒಳ್ಳೇದು ಅಂತ ನಂಬಿದವರಿದ್ದಾರೆ. ಬಯಲುಸೀಮೆಯ ಬೋರ್‌ವೆಲ್ ನೀರಿನಷ್ಟು ಸುಣ್ಣ ಕಟ್ಟಲಿಕ್ಕಿಲ್ಲ, ಸರಿ. ಆದರೆ ಜಂಬಿಟ್ಟಿಗೆಯ ನೆಲದ ನೀರಿಗೆ ಸ್ವಲ್ಪ ಹುಳಿ ಗುಣ ಇರುತ್ತದೆ, ಎಷ್ಟೋ ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ 100 ರೂಪಾಯಿ. ಇಷ್ಟಕ್ಕೆ ಯಾಕೆ ಜಿಪುಣತನ, ಅಲ್ವಾ?

ಹಂತ 3: ತಾತ್ಕಾಲಿಕವಾಗಿ ತುಂಬಿಸಿ, ಗುರುತು ಹಾಕಿದ್ದು

ಒಳಗಿರುವುದು ಯಾವ ಜಾತಿಯ ಕೂಲೆಂಟ್ ಅಂತ ಗೊತ್ತಿಲ್ಲದಾಗ ಅದರ ಮೇಲೆ ಹೊಸ ಕೂಲೆಂಟ್ ಸುರಿಯಬಾರದು. ಬಣ್ಣ ನೋಡಿ ತೀರ್ಮಾನ ಮಾಡುವುದೂ ಸರಿಯಲ್ಲ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಬೇರೆ ಬೇರೆ ಜಾತಿಯವು ಸೇರಿದರೆ ತುಕ್ಕು ತಡೆಯುವ ಶಕ್ತಿ ಬೇಗ ಹೋಗುತ್ತದೆ, ಕೆಲವು ಸಲ ಲೋಳೆ ಕಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಸದ್ಯಕ್ಕೆ ಬರೀ ಡಿಸ್ಟಿಲ್ಡ್ ವಾಟರ್, ಅರ್ಧ ಲೀಟರ್ ಚಿಲ್ಲರೆ, 'ಮಿನ್' ಮತ್ತು 'ಮ್ಯಾಕ್ಸ್' ನಡುವಿಗೆ ಬರುವಷ್ಟು.

'ಮ್ಯಾಕ್ಸ್' ದಾಟಿಸಬೇಡಿ. ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ಆಮೇಲೆ ಡಬ್ಬಿ ಮೇಲೆ ಬಿಳಿ ಇನ್ಸುಲೇಷನ್ ಟೇಪಿನ ಪಟ್ಟಿ ನೆಟ್ಟಗೆ ಅಂಟಿಸಿ, ಲೆವೆಲ್ ಇರುವಲ್ಲಿ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಕು, ಕಿಲೋಮೀಟರ್ ಬರೆದೆ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಟೇಪು. ಬರೀ ತುಂಬಿಸುತ್ತಾ ಹೋದರೆ ಎಷ್ಟು ಹೋಯಿತು, ಯಾವಾಗ ಹೋಯಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ಹಂತ 4: ಸೋರುವ ಜಾಗ ಹುಡುಕಿದ್ದು

ಮಳೆಗಾಲದಲ್ಲಿ ಸೋರಿಕೆ ಹುಡುಕುವುದು ಅಂದರೆ ತಲೆನೋವು. ಎಲ್ಲವೂ ಒದ್ದೆ. ಕಾರಿನಡಿ ರಟ್ಟು ಹಾಸಿದರೆ ರಟ್ಟೇ ನೆನೆಯುತ್ತದೆ. ಎಸಿ ಹಾಕಿ ಬಂದಿದ್ದರೆ ಅದರ ನೀರು ಬೇರೆ ತೊಟ್ಟಿಕ್ಕುತ್ತಿರುತ್ತದೆ. ಅದು ಬರೀ ನೀರು, ಬಣ್ಣ ಇಲ್ಲ, ವಾಸನೆ ಇಲ್ಲ. ಕೂಲೆಂಟ್ ಆದರೆ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ನಾಲಗೆಗೆ ತಾಗಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಎಥಿಲೀನ್ ಗ್ಲೈಕಾಲ್ ಕಿಡ್ನಿ ಹಾಳು ಮಾಡುವ ವಿಷ.

ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಟಾರ್ಚು, ಸಣ್ಣ ಕನ್ನಡಿ, ಟಿಶ್ಯೂ ಪೇಪರ್ ಹಿಡಿದು ಕೂತೆ. ಒಂದೊಂದು ಜಾಯಿಂಟಿಗೂ ಪೇಪರ್ ಒತ್ತಿ ನೋಡುವುದು. ಮೇಲಿನ ಹೋಸ್ ರೇಡಿಯೇಟರಿಗೆ ಸೇರುವಲ್ಲಿ ಕೆಳಭಾಗಕ್ಕೆ ಬಿಳಿ-ಹಸಿರು ಪುಡಿ ಕಟ್ಟಿತ್ತು, ಪೇಪರ್ ಒದ್ದೆ ಆಯಿತು. ಕನ್ನಡಿ ಇಲ್ಲದಿದ್ದರೆ ಕಾಣುತ್ತಿರಲಿಲ್ಲ. ಅಲ್ಲಿ ಕಂಪನಿಯ ಸ್ಪ್ರಿಂಗ್ ಕ್ಲ್ಯಾಂಪ್ ತೆಗೆದು ಯಾರೋ ಸ್ಕ್ರೂ ಕ್ಲ್ಯಾಂಪ್ ಹಾಕಿ, ರಬ್ಬರಿಗೆ ಗಾಯ ಆಗುವಷ್ಟು ಬಿಗಿದಿದ್ದರು.

ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರವನ್ನೂ ನೋಡಿದೆ, ಒಣಗಿತ್ತು. ಒಳಗೆ ಕಾಲಿಡುವ ಜಾಗದ ಮ್ಯಾಟ್ ಎತ್ತಿ ನೋಡಿದೆ, ಹೀಟರ್ ಕಡೆಯಿಂದ ಸೋರಿದರೆ ಅಲ್ಲಿ ಅಂಟು ಅಂಟು ಇರುತ್ತದೆ. ಇರಲಿಲ್ಲ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಕೆನೆ ಬಣ್ಣದ ಲೋಳೆ ಕಂಡಿತು. ಇದನ್ನು ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ" (ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ ಹೋಗಿ ಕೂಲೆಂಟ್ ಆಯಿಲಿಗೆ ಸೇರುತ್ತಿದೆ) ಅನ್ನುವವರೇ ಹೆಚ್ಚು. ನಮ್ಮ ಕಡೆ ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಗಾಡಿಗಳಲ್ಲಿ ಇದು ಸುಮ್ನೆ ಥಂಡಿಗೂ ಆಗುತ್ತದೆ. ಎಂಜಿನ್ ಪೂರ್ತಿ ಬಿಸಿ ಆಗುವುದರೊಳಗೆ ಮನೆ ಬಂದಿರುತ್ತದೆ, ಒಳಗಿನ ಪಸೆ ಹೊರಗೆ ಹೋಗುವುದಿಲ್ಲ. ಡಿಪ್‌ಸ್ಟಿಕ್ಕಿನ ಆಯಿಲ್ ನೋಡಿ. ಅದು ಬಿಳಿಚಿಕೊಂಡಿಲ್ಲ, ಲೆವೆಲ್ ಏರಿಲ್ಲ, ಕೂಲೆಂಟಿನಲ್ಲಿ ಎಣ್ಣೆ ಇಲ್ಲ, ಸ್ಟಾರ್ಟ್ ಮಾಡಿದಾಗ ಡಬ್ಬಿಯಲ್ಲಿ ಗುಳ್ಳೆ ಬರುತ್ತಲೇ ಇಲ್ಲ ಅಂದರೆ ಗಾಬರಿ ಬೇಡ. ನಾನು ಒರೆಸಿ ಹಾಕಿದೆ, ಶಿವಮೊಗ್ಗಕ್ಕೆ ಹೋಗಿಬಂದ ಮೇಲೆ ಮತ್ತೆ ಕಟ್ಟಿರಲಿಲ್ಲ.

ಹಂತ 5: ಕ್ಲ್ಯಾಂಪ್ ಬದಲಿಸಿದ್ದು, ಆದರೂ ಇಳಿದದ್ದು

ಹೋಸ್ ತುದಿಯಲ್ಲಿ ಗಾಯ ಆಗಿದ್ದ ಸುಮಾರು 12 ಮಿಲಿಮೀಟರ್ ಕತ್ತರಿಸಿ, ರೇಡಿಯೇಟರಿನ ಮೂತಿಯನ್ನು ಒರೆಸಿ, ಹೋಸನ್ನು ಪೂರ್ತಿ ಒಳಗೆ ತಳ್ಳಿ ಹೊಸ ಸ್ಪ್ರಿಂಗ್ ಕ್ಲ್ಯಾಂಪ್ ಕೂರಿಸಿದೆ. ಕತ್ತರಿಸಿದ ಮೇಲೂ ಹೋಸ್ ಎಳೆದ ಹಾಗೆ ಆಗದಷ್ಟು ಉದ್ದ ಇತ್ತು, ಇಲ್ಲದಿದ್ದರೆ ಹೋಸನ್ನೇ ಬದಲಿಸಬೇಕಿತ್ತು. ಎರಡು ಕ್ಲ್ಯಾಂಪಿಗೆ 80 ರೂಪಾಯಿ.

ಶಿವಮೊಗ್ಗಕ್ಕೆ ಹೋಗಿ ಬಂದೆ. ಟೇಪಿನ ಗೆರೆ ಅಲ್ಲೇ. ಮತ್ತೆ ಹೋದೆ, ಅಲ್ಲೇ. ಸರಿಹೋಯಿತು ಅನ್ನಿಸಿತು. ಆ ಭಾನುವಾರ ಉಡುಪಿಗೆ ಹೋಗಿ ಸೋಮೇಶ್ವರದಿಂದ ಆಗುಂಬೆ ಹತ್ತಿ ಮನೆಗೆ ಬಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಗೆರೆಗಿಂತ 8 ಮಿಲಿಮೀಟರ್ ಕೆಳಗೆ!

ಕ್ಲ್ಯಾಂಪ್ ಹತ್ತಿರ ಪೇಪರ್ ಒತ್ತಿದೆ, ಒಣಗಿತ್ತು. ಅಂದರೆ ಹೋಗುತ್ತಿರುವುದು ಘಾಟಿ ಹತ್ತುವಾಗ ಮಾತ್ರ. 14 ಹಿಮ್ಮುರಿ ತಿರುವು, ಮೊದಲನೇ ಗೇರು ಎರಡನೇ ಗೇರಿನಲ್ಲೇ ಹತ್ತುವುದು, ಎಂಜಿನ್ನಿಗೆ ಭಾರ ಪೂರ್ತಿ, ರೇಡಿಯೇಟರಿಗೆ ಎದುರು ಗಾಳಿ ಇಲ್ಲ. ಒಳಗಿನ ಒತ್ತಡ ಏರುವುದು ಅಲ್ಲೇ. ಇಷ್ಟಾದರೂ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಒಂದು ಕೂದಲೂ ಅಲುಗಾಡಿರಲಿಲ್ಲ. ಮುಳ್ಳನ್ನೇ ಪೂರ್ತಿ ನಂಬಬೇಡಿ. ಬಹಳ ಕಾರುಗಳಲ್ಲಿ ಬಿಸಿ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಮುಳ್ಳು ನಡುವಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಕೂಲೆಂಟ್ ತೀರಾ ಖಾಲಿಯಾದರೆ ಸೆನ್ಸರ್ ನೀರಿಲ್ಲದೆ ಗಾಳಿಯಲ್ಲಿರುತ್ತದೆ, ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಸರಿಯಾಗಿ ತೋರಿಸುವುದಿಲ್ಲ.

ಶಿವಮೊಗ್ಗದ ಒಂದು ಗ್ಯಾರೇಜಿಗೆ ಹೋದೆ. "ನೀರು ಹಾಕ್ಕೊಂಡು ಓಡ್ಸಿ ಸಾರ್, ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಕುಡಿಯತ್ತೆ" ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದು ಮುಚ್ಚಿದ ವ್ಯವಸ್ಥೆ, ಹಳೇದಾದ ಮಾತ್ರಕ್ಕೆ ನೀರು ಕುಡಿಯುವುದಿಲ್ಲ. ಹೋಗುತ್ತಿದೆ ಅಂದರೆ ಎಲ್ಲೋ ದಾರಿ ಇದೆ. ಇನ್ನೊಂದು ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟರ್ ಇತ್ತು. ಡಬ್ಬಿಯ ಮುಚ್ಚಳ ತೆಗೆದು ಅಲ್ಲಿ ಕೈಪಂಪನ್ನು ಕೂರಿಸಿ 1 ಬಾರ್‌ವರೆಗೆ ಗಾಳಿ ಹೊಡೆದರು. ಕಾಲು ಗಂಟೆ ನೋಡಿದೆವು. ಟೆಸ್ಟರಿನ ಮುಳ್ಳು ಇಳಿಯಲಿಲ್ಲ. ಹೋಸು, ರೇಡಿಯೇಟರು, ಪಂಪು, ಎಲ್ಲ ಗಟ್ಟಿ.

ಹಾಗಾದರೆ ಉಳಿದದ್ದು ಏನು? ಪರೀಕ್ಷೆಗಾಗಿ ನಾವೇ ತೆಗೆದು ಪಕ್ಕಕ್ಕಿಟ್ಟಿದ್ದ ಮುಚ್ಚಳ.

ಹಂತ 6: ಮುಚ್ಚಳ

ಮುಚ್ಚಳ ಮಗುಚಿ ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ರಬ್ಬರ್ ರಿಂಗ್ ದುಂಡಗಿರಬೇಕಾದ್ದು ಒಂದು ಕಡೆ ಚಪ್ಪಟೆಯಾಗಿತ್ತು. ಉಗುರಿನಿಂದ ಸ್ವಲ್ಪ ಎತ್ತಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು, ಬಿರುಕಿನ ಒಳಗೆ ಕಂದು ಪುಡಿ. ಕವಾಟದ ಸ್ಪ್ರಿಂಗ್ ಸುತ್ತಲೂ ಅದೇ ಪುಡಿ ಗಟ್ಟಿಯಾಗಿ ಕೂತಿತ್ತು. ಟೆಸ್ಟರಿನ ಇನ್ನೊಂದು ತುದಿಗೆ ಮುಚ್ಚಳ ಹಾಕಿ ಪಂಪ್ ಮಾಡಿದರೆ, ಅದರ ಮೇಲೆ ಅಚ್ಚಾಗಿದ್ದ ಒತ್ತಡದ ಅರ್ಧಕ್ಕೂ ಮೊದಲೇ ಪುಸ್ ಅಂತ ಬಿಟ್ಟಿತು. ಗ್ಯಾಸ್ಕೆಟ್ ಹೋದ ಕುಕ್ಕರಿನ ಹಾಗೆ, ಒತ್ತಡ ನಿಲ್ಲದೆ ಆವಿ ಹೊರಗೆ ಹೋಗುತ್ತಿತ್ತು. ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ, ಕುದಿದಷ್ಟೂ ಇನ್ನೂ ಹೆಚ್ಚು ಹೊರಗೆ ಹೋಗುತ್ತದೆ.

ಆಮೇಲೆ ಬಾನೆಟ್ಟಿನ ಒಳಮೈ ನೋಡಿದೆ. ಡಬ್ಬಿಯ ನೇರ ಮೇಲೆ, ಅಂಗೈ ಅಗಲಕ್ಕೆ, ಸಿಡಿದು ಒಣಗಿದ ಬಿಳಿ ಕಲೆ! ಮಳೆ ನೀರು ತಾಗದ ಜಾಗವಾದ್ದರಿಂದ ತೊಳೆದು ಹೋಗಿರಲಿಲ್ಲ. ಕೂಲೆಂಟ್ ಇಳಿಯುತ್ತಿದೆ, ಎಲ್ಲೂ ಸೋರುತ್ತಿಲ್ಲ ಅನ್ನುವವರು ಮೊದಲು ಬಾನೆಟ್ಟಿನ ಒಳಮೈಗೆ ಟಾರ್ಚ್ ಹಾಕಿ ನೋಡಿ.

ಹೊಸ ಮುಚ್ಚಳ 320 ರೂಪಾಯಿ, ಟೆಸ್ಟ್ ಮಾಡಿದ್ದಕ್ಕೆ 150. ಮುಚ್ಚಳದ ಮೇಲಿನ ಒತ್ತಡದ ಸಂಖ್ಯೆ ಹಳೇದರಲ್ಲಿ ಇದ್ದದ್ದೇ ಇರಬೇಕು. ಹೆಚ್ಚಿನದು ಹಾಕಿದರೆ ಒಳ್ಳೇದು ಅಂತ ಹಾಕಿದರೆ ಹಳೇ ಹೋಸು ಒಡೆಯುತ್ತದೆ.

ಹಂತ 7: ಹಳೇದನ್ನು ತೆಗೆದು ಹೊಸದು ತುಂಬಿದ್ದು

ಹಿಂದಿನ ಚಕ್ರಗಳಿಗೆ ಸೈಜುಗಲ್ಲು ಕೊಟ್ಟು, ಮುಂದೆ ಜ್ಯಾಕ್ ಎತ್ತಿ ಎರಡು ಸ್ಟ್ಯಾಂಡ್ ಇಟ್ಟೆ. ಬರೀ ಜ್ಯಾಕ್ ನಂಬಿ ಕಾರಿನಡಿ ಹೋಗಲೇಬೇಡಿ. ಎಂಜಿನ್ ಪೂರ್ತಿ ತಣ್ಣಗಿತ್ತು. ಕೆಳಗಿನ ಹೋಸ್ ಬಿಚ್ಚಿ ಅಗಲ ಬಾಯಿಯ ಟಬ್ಬಿಗೆ ಬಿಟ್ಟೆ. ಲೀಟರ್ ಬಾಟಲಿಯಲ್ಲಿ ಅಳೆದರೆ ನಾಲ್ಕೂವರೆ ಲೀಟರ್ ಬಂತು. ಕಾರಿನ ಕೈಪಿಡಿಯಲ್ಲಿ ಒಟ್ಟು 6 ಲೀಟರ್ ಅಂತಿದೆ. ಉಳಿದ ಒಂದೂವರೆ ಬ್ಲಾಕಿನೊಳಗೆ, ಹೀಟರಿನೊಳಗೆ ಉಳಿಯಿತು.

ಈ ಒಂದೂವರೆ ಲೀಟರ್ ಲೆಕ್ಕ ಬಹಳ ಮುಖ್ಯ. ಡಿಸ್ಟಿಲ್ಡ್ ವಾಟರ್ ಹಾಕಿ, ಎಂಜಿನ್ ಬಿಸಿ ಮಾಡಿ, ಆರಿಸಿ, ಬಿಡುವುದನ್ನು ನೀರು ತಿಳಿಯಾಗುವವರೆಗೆ ಮಾಡಿದೆ. ಆಮೇಲೂ ಒಳಗೆ ಒಂದೂವರೆ ಲೀಟರ್ ಬರೀ ನೀರೇ ಇರುತ್ತದೆ. ಅದರ ಮೇಲೆ ಅಂಗಡಿಯ ರೆಡಿ ಮಿಕ್ಸ್ ಸುರಿದರೆ ಅದು ಮತ್ತೆ ತೆಳುವಾಗುತ್ತದೆ. ಹಾಗಾಗಿ ನೀರು ಬೆರೆಸದ ಗಟ್ಟಿ ಕೂಲೆಂಟ್, ಕೈಪಿಡಿಯಲ್ಲಿ ಹೇಳಿದ ಜಾತಿಯದ್ದು, 3 ಲೀಟರ್ ಮೊದಲು ಹಾಕಿದೆ, ಆಮೇಲೆ ಒಂದೂವರೆ ಲೀಟರ್ ಡಿಸ್ಟಿಲ್ಡ್ ವಾಟರ್. ಒಟ್ಟು ಆರಕ್ಕೆ ಮೂರು, ಅರ್ಧಕ್ಕರ್ಧ. ಗಟ್ಟಿಯಾದದ್ದನ್ನೇ ಪೂರ್ತಿ ತುಂಬಿದರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಬರೀ ಗ್ಲೈಕಾಲ್ ನೀರಿನಷ್ಟು ಬಿಸಿ ಹೊರುವುದಿಲ್ಲ.

ಟಬ್ಬಿನಲ್ಲಿದ್ದ ಹಳೇದನ್ನು ಚರಂಡಿಗೂ ಬಿಡಲಿಲ್ಲ, ತೋಟಕ್ಕೂ ಚೆಲ್ಲಲಿಲ್ಲ. ಸಿಹಿ ಇರುವುದರಿಂದ ನಾಯಿ ನೆಕ್ಕುತ್ತದೆ, ದನ ಮೂತಿ ಹಾಕುತ್ತದೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ. ಮಳೆಗಾಲದಲ್ಲಿ ಅಂಗಳಕ್ಕೆ ಚೆಲ್ಲಿದ್ದು ಹಳ್ಳಕ್ಕೇ ಹೋಗುವುದು. ಖಾಲಿ ಕ್ಯಾನಿಗೆ ತುಂಬಿ, 'ವಿಷ' ಅಂತ ದೊಡ್ಡದಾಗಿ ಬರೆದು ಗ್ಯಾರೇಜಿಗೆ ಕೊಟ್ಟೆ. ಕೆಲಸ ಮುಗಿಯುವವರೆಗೆ ನಾಯಿಯನ್ನು ಕಟ್ಟಿ ಹಾಕಿದ್ದೆ.

ಹಂತ 8: ಏರ್ ತೆಗೆದದ್ದು

ಹೊಸದು ತುಂಬಿದ ಮೇಲೆ ಒಳಗೆ ಏರ್ ಹಿಡಿದುಕೊಂಡಿರುತ್ತದೆ. ಈಗ ಇಳಿಜಾರು ಅಂಗಳ ಕೆಲಸಕ್ಕೆ ಬಂತು. ಕಾರಿನ ಮೂತಿ ಮೇಲೆ ಮಾಡಿ ನಿಲ್ಲಿಸಿದೆ, ಗಾಳಿ ಎತ್ತರದ ಕಡೆಗೆ ಬರಲಿ ಅಂತ. ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಕಡಿಮೆಗೆ, ಎಂಜಿನ್ ಸ್ಟಾರ್ಟ್. ಮೇಲಿನ ಹೋಸನ್ನು ಆಗಾಗ ಅಮುಕುತ್ತಾ ಇದ್ದರೆ ಡಬ್ಬಿಯಲ್ಲಿ ಗುಳ್ಳೆ ಬರುತ್ತವೆ, ಲೆವೆಲ್ ಇಳಿದಷ್ಟು ತುಂಬಬೇಕು. ಹೋಸ್ ಬಿಸಿ ಏರುವ ಮುಂಚೆ ಮುಚ್ಚಳ ಹಾಕಿಬಿಡಬೇಕು.

ರೇಡಿಯೇಟರ್ ಫ್ಯಾನ್ ತಿರುಗಿ ನಿಲ್ಲುವವರೆಗೆ ಕಾಯಿರಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ನನಗೆ ತೊಡಕಾಯಿತು. ಹೊರಗೆ ಜಿಟಿ ಜಿಟಿ ಮಳೆ, ಥಂಡಿ, ಸಣ್ಣ ಡೀಸೆಲ್ ಎಂಜಿನ್ ನಿಂತಲ್ಲೇ ಓಡಿದರೆ ಬಿಸಿಯೇ ಆಗುವುದಿಲ್ಲ. ಅರ್ಧ ಗಂಟೆ ಆದರೂ ಫ್ಯಾನ್ ಇಲ್ಲ, ಕೆಳಗಿನ ಹೋಸ್ ತಣ್ಣಗೆ, ಹೀಟರಿನಲ್ಲಿ ಬೆಚ್ಚಗಿನ ಗಾಳಿ ಬಂದರೂ ಬಿಟ್ಟು ಬಿಟ್ಟು. ಕೊನೆಗೆ 2000 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದೆ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆದ ಕೂಡಲೇ ಕೆಳಗಿನ ಹೋಸ್ ಬೆಚ್ಚಗಾಯಿತು, ಸ್ವಲ್ಪ ಹೊತ್ತಿಗೆ ಫ್ಯಾನ್ ಬಂತು. ಕೈ, ಟವೆಲ್ಲು, ಬಟ್ಟೆ ಫ್ಯಾನ್ ಹತ್ತಿರ ಇರದ ಹಾಗೆ ನೋಡಿಕೊಳ್ಳಿ, ಅದು ಹೇಳದೆ ಕೇಳದೆ ತಿರುಗುತ್ತದೆ. ಹೀಟರ್ ಗಾಳಿ ಒಂದೇ ಸಮನೆ ಬಿಸಿ ಬಂದರೆ ಏರ್ ಹೋಯಿತು ಅಂತ ಲೆಕ್ಕ.

ಮಾರನೇ ಬೆಳಿಗ್ಗೆ ಕಣದ ಸುಣ್ಣದ ಗೆರೆಗೆ ನಿಲ್ಲಿಸಿ ನೋಡಿದರೆ ಸುಮಾರು 200 ಮಿಲಿ ಕಮ್ಮಿ. ಇದು ಸೋರಿಕೆ ಅಲ್ಲ, ಏರ್ ಇದ್ದ ಜಾಗಕ್ಕೆ ಕೂಲೆಂಟ್ ಹೋಗಿದೆ. ಅರ್ಧಕ್ಕರ್ಧ ಬೆರೆಸಿಟ್ಟಿದ್ದರಿಂದ ತುಂಬಿಸಿದೆ. ರಿಫ್ರ್ಯಾಕ್ಟೋಮೀಟರ್ ಮೈನಸ್ 34 ತೋರಿಸಿತು.

ಹಂತ 9: ಮತ್ತೆ ಆಗುಂಬೆ

ಎಂಜಿನ್ನಿನ ಬಿಸಿಯನ್ನು ಮೊಬೈಲಿನಲ್ಲಿ ತೋರಿಸುವ 600 ರೂಪಾಯಿಯ ಓಬಿಡಿ ಡಾಂಗಲ್ ಸಿಕ್ಕಿಸಿ, ಪಕ್ಕದಲ್ಲಿ ಕೂತ ತಮ್ಮನ ಕೈಗೆ ಮೊಬೈಲ್ ಕೊಟ್ಟು ಸೋಮೇಶ್ವರದಿಂದ ಹತ್ತಿದೆವು. ಬುಡದಲ್ಲಿ 86 ಡಿಗ್ರಿ. ಮುಂದೆ ಬಸ್ಸು ಇದ್ದದ್ದರಿಂದ ನಿಧಾನ, ಮೇಲಿನ ತಿರುವುಗಳಲ್ಲಿ 97ರವರೆಗೆ ಏರಿತು, ಫ್ಯಾನ್ ಬಂದು ಮತ್ತೆ 91. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಹತ್ತಿರ ಮೂಗು ಹಿಡಿದೆ, ಸಿಹಿ ವಾಸನೆ ಇಲ್ಲ. ಬೆಳಿಗ್ಗೆ ಟೇಪಿನ ಗೆರೆ ನೋಡಿದರೆ ಲೆವೆಲ್ ಇದ್ದಲ್ಲೇ ಇತ್ತು.

ಘಾಟಿಯಲ್ಲಿ ನಿಮ್ಮ ಗಾಡಿ ಹೀಟ್ ಆಗತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಅಗಲವಾದ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಮುಕ್ಕಾಲು ಗಂಟೆಯಾದರೂ ಆರಲು ಬಿಡಿ. ಆಮೇಲೆ ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ನೀರೇ ಹಾಕಿ, ಊರಿಗೆ ಬಂದ ಮೇಲೆ ಸರಿ ಮಾಡಿಸಿ. ಸುಡುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ, ಅಲ್ಲಿಂದ ಮುಂದೆ ಖರ್ಚು ಸಾವಿರದಲ್ಲಲ್ಲ, ಹತ್ತಾರು ಸಾವಿರದಲ್ಲಿ.

ಖರ್ಚು: ಗಟ್ಟಿ ಕೂಲೆಂಟ್ 3 ಲೀಟರ್ 1020, ಡಿಸ್ಟಿಲ್ಡ್ ವಾಟರ್ 3 ಕ್ಯಾನ್ 300, ಮುಚ್ಚಳ 320, ಟೆಸ್ಟ್ 150, ಕ್ಲ್ಯಾಂಪ್ 80, ಆಲಿಕೆ 40. ಒಟ್ಟು 1910 ರೂಪಾಯಿ. ರಿಫ್ರ್ಯಾಕ್ಟೋಮೀಟರ್, ಡಾಂಗಲ್ ಬೇರೆ, ಅವು ಮನೆಯಲ್ಲೇ ಉಳಿಯುತ್ತವೆ.

ಬಾಕಿ ಇರುವ ಕೆಲಸ ಒಂದು. ಹೀಟರಿಗೆ ಹೋಗುವ ಎರಡು ಹೋಸ್‌ಗಳಲ್ಲಿ ಒಂದರ ಮೇಲೆ ಇಲಿ ಹಲ್ಲಿನ ಗುರುತು ಇದೆ, ತೂತಾಗಿಲ್ಲ. ಹೊಸ ಹೋಸಿಗೆ ಹೇಳಿಟ್ಟಿದ್ದೇನೆ, ಬಂದ ಕೂಡಲೇ ಬದಲಿಸುತ್ತೇನೆ. ಅಲ್ಲಿಯವರೆಗೆ ಘಾಟಿ ಹತ್ತುವ ಹಿಂದಿನ ದಿನ ಮತ್ತು ಮಾರನೇ ದಿನ ಲೆವೆಲ್ ನೋಡಿ ಟೇಪಿನ ಮೇಲೆ ಬರೆದಿಡುತ್ತಿದ್ದೇನೆ.